ನೋವಿಲ್ಲದ ಕಾಲನ್ನು ಡಾಕ್ಟರಿಗೆ ತೋರಿಸಿದ್ದು: ಮೈಸೂರಿನ ಒಂದು ಪಾದದ ಕ್ಲಿನಿಕ್

ನಾನು ಮದುವೆ ಅಡುಗೆಯವನು. 30 ವರ್ಷದಿಂದ ಇದೇ ಕೆಲಸ. ಮುಹೂರ್ತ ಜಾಸ್ತಿ ಇರುವ ತಿಂಗಳುಗಳಲ್ಲಿ ಬೆಳಗಿನ ಜಾವ 3ಕ್ಕೆ ಒಲೆ ಹಚ್ಚಿದರೆ ಸಂಜೆವರೆಗೂ ನಿಂತೇ ಇರಬೇಕು. ಅದೂ ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ. ಸಕ್ಕರೆ ಕಾಯಿಲೆ ಬಂದು 12 ವರ್ಷ ಆಯಿತು.

ಹೋದ ವೈಶಾಖದಲ್ಲಿ ನಂಜನಗೂಡಿನ ಒಂದು ಛತ್ರದಲ್ಲಿ ಚಿರೋಟಿ ಕರಿದು ರಾತ್ರಿ ಮನೆಗೆ ಬಂದೆ. ಕಾಲು ತೊಳೆಯುವಾಗ ಬಲಪಾದದ ಮೇಲೆ ಎರಡು ಬೊಬ್ಬೆ ಕಂಡವು. ಎಣ್ಣೆ ಸಿಡಿದಿತ್ತು. ಸಿಡಿದದ್ದು ನನಗೆ ಗೊತ್ತೇ ಆಗಿರಲಿಲ್ಲ. ಅವತ್ತೇ ಡಾಕ್ಟರ ಹತ್ತಿರ ಹೋಗಬೇಕಿತ್ತು. ಉರಿಯಿಲ್ಲ, ನೋವಿಲ್ಲ, ಸುಮ್ನೆ ಯಾಕೆ ಅಂತ ಬಿಟ್ಟೆ.

ಕೊನೆಗೆ ಕೈ ಕೊಟ್ಟದ್ದು ಎಡಗಾಲು. ಅಂಗಾಲಿನಲ್ಲಿ, ಹೆಬ್ಬೆರಳ ಬುಡದ ಹತ್ತಿರ ಒಂದು ಆಣಿ ಇತ್ತು. ಆಗಾಗ ಬ್ಲೇಡಿನಿಂದ ಕೆರೆದುಕೊಳ್ಳುತ್ತಿದ್ದೆ. ಆಮೇಲೆ ಮೆಡಿಕಲ್ ಶಾಪಿನಿಂದ ಕಾರ್ನ್ ಕ್ಯಾಪ್, ಅಂದರೆ ಆಣಿ ಕರಗಿಸುವ ಔಷಧಿಯ ಪಟ್ಟಿ, ತಂದು ಅಂಟಿಸಿದೆ. ನಾಲ್ಕನೇ ದಿನ ನಮ್ಮ ಮನೆಯವಳು "ರೀ, ನೆಲದ ಮೇಲೆ ಇದೇನು ಕಲೆ?" ಅಂದಳು. ದೇವರ ಮನೆಯಿಂದ ಅಡುಗೆ ಮನೆವರೆಗೆ ಒಂದೇ ಕಾಲಿನ ಗುರುತು. ತಿಳಿಗೆಂಪು, ಅಂಟಂಟು. ಅದರ ಮೇಲೆ ನಡೆದವನು ನಾನು, ನೋಡಿದವಳು ಅವಳು.

ಮೊದಲು ಹೋದ ಕಡೆ ಮುಲಾಮು, ಮಾತ್ರೆ ಬರೆದುಕೊಟ್ಟರು. ಕಾಲನ್ನು ಎತ್ತಿ ನೋಡಲಿಲ್ಲ. ಮೂರು ವಾರ ಹಾಳಾಯಿತು. ಈ ಸಿಟ್ಟು ನನಗೆ ಇನ್ನೂ ಆರಿಲ್ಲ. ನಮ್ಮಲ್ಲಿ ಬಡಿಸಲು ಬರುವ ಹುಡುಗನ ಅಕ್ಕ ನರ್ಸು. ಅವಳೇ ಒಂದು ಮಧುಮೇಹ ಆಸ್ಪತ್ರೆಯ ಪಾದದ ಕ್ಲಿನಿಕ್‌ಗೆ ಕಳಿಸಿದಳು. ಪೋಡಿಯಾಟ್ರಿಸ್ಟ್, ಅಂದರೆ ಪಾದದ ಡಾಕ್ಟರು, ಅನ್ನುವ ಮಾತು ನಾನು ಕೇಳಿದ್ದು ಆಗಲೇ.

ಅಲ್ಲಿ ಒಬ್ಬ ಹುಡುಗಿ ನನ್ನ ಎರಡೂ ಕಾಲನ್ನು ಸ್ಟೂಲಿನ ಮೇಲೆ ಇಡಿಸಿಕೊಂಡಳು. ಕೈಯಲ್ಲಿ ಪೊರಕೆ ಕಡ್ಡಿಯಷ್ಟು ಸಣ್ಣ ನೈಲಾನ್ ಎಳೆ. ಅದು ಬಾಗುವವರೆಗೆ ಒತ್ತಿದರೆ ಚರ್ಮದ ಮೇಲೆ ಬೀಳುವುದು 10 ಗ್ರಾಂ ಒತ್ತಡವಂತೆ. "ಕಣ್ಣು ಮುಚ್ಚಿ ಅಂಕಲ್, ಮುಟ್ಟಿದ್ದು ಗೊತ್ತಾದಾಗೆಲ್ಲ ಹ್ಞೂಂ ಅನ್ನಿ" ಅಂದಳು. ಮುಚ್ಚಿದೆ. ಕಾದೆ. ಏನೂ ಇಲ್ಲ. "ಶುರು ಮಾಡಮ್ಮ" ಅಂದೆ. "ಎಡಗಾಲು ಮುಗೀತು ಅಂಕಲ್" ಅಂದಳು.

ಕಣ್ಣು ತೆರೆಯಲು ಒಂದು ನಿಮಿಷ ಬೇಕಾಯಿತು ನನಗೆ.

ಸಕ್ಕರೆ ಕಾಯಿಲೆಯಿಂದ ನರ ಮಂದವಾಗಿ ಪಾದದ ಸ್ಪರ್ಶವೇ ಹೋಗುತ್ತದಂತೆ. ಇನ್ನೊಂದು ಯಂತ್ರ ಪಾದಕ್ಕೆ ತಾಗಿಸಿ ಕಂಪನ ಎಷ್ಟಕ್ಕೆ ಗೊತ್ತಾಗುತ್ತದೆ ಅಂತ ನೋಡುತ್ತಾರೆ. ಕಂಪನದ ಜೋರನ್ನು ವೋಲ್ಟ್ ಲೆಕ್ಕದಲ್ಲಿ ಹೇಳುತ್ತಾರೆ. ಗೊತ್ತಾಗಲು 25 ವೋಲ್ಟ್ ದಾಟಬೇಕಾದರೆ ಹುಣ್ಣಾಗುವ ಅಪಾಯ ಜಾಸ್ತಿ. ನನಗೆ ಎಡಗಾಲಲ್ಲಿ 34, ಬಲಗಾಲಲ್ಲಿ 28. ಕೈಗೂ ಕಾಲಿಗೂ ಬಿಪಿ ಪಟ್ಟಿ ಕಟ್ಟಿ ರಕ್ತ ಸರಿಯಾಗಿ ಇಳಿಯುತ್ತಿದೆಯಾ ಅಂತಲೂ ನೋಡಿದರು. ಅದೊಂದು ಚೆನ್ನಾಗಿತ್ತು. ಹಾಗಾಗಿಯೇ ಗಾಯ ಮಾಯುವ ಭರವಸೆ ಕೊಟ್ಟರು.

ಡಾಕ್ಟರಮ್ಮ ಆಣಿಯ ಸುತ್ತ ಜಡ್ಡುಗಟ್ಟಿದ ಚರ್ಮವನ್ನು ಪದರ ಪದರವಾಗಿ ತೆಗೆದರು. ಕೆಳಗೆ ಕಡಲೆಕಾಳಿನಷ್ಟು ಗುಳಿ. ಕಾರ್ನ್ ಕ್ಯಾಪಿನಲ್ಲಿರುವ ಆಸಿಡ್ ಆಣಿಯ ಜೊತೆ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸಕ್ಕರೆ ಇರುವವರು ಅದನ್ನು ಮುಟ್ಟಲೇಬಾರದು ಅಂದರು. "ಭಟ್ರೇ, ನೋವಿದ್ದಿದ್ದರೆ ನೀವು ತಿಂಗಳ ಹಿಂದೆಯೇ ಓಡಿ ಬರುತ್ತಿದ್ದಿರಿ" ಅಂದರು. ನಿಜ ತಾನೇ? ಗಾಯದ ಜಾಗದಲ್ಲಿ ಭಾರ ಬೀಳದಂತೆ ನಡುವೆ ತೂತು ಮಾಡಿದ ದಪ್ಪ ಪ್ಯಾಡ್ ಅಂಟಿಸಿದರು. ವಾರಕ್ಕೊಮ್ಮೆ ಡ್ರೆಸಿಂಗ್. ಏಳು ವಾರಕ್ಕೆ ಮಾಯಿತು. ಮುಲಾಮಿಗಿಂತ ಆ ತೂತಿನ ಪ್ಯಾಡೇ ಕೆಲಸ ಮಾಡಿತು ಅಂತ ನನ್ನ ನಂಬಿಕೆ.

ಕೊರತೆಯೂ ಹೇಳಬೇಕು. ಕ್ಲಿನಿಕ್ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಕಾಲಿನ ಗಾಯ ಇಟ್ಟುಕೊಂಡು 22 ಮೆಟ್ಟಿಲು ಹತ್ತಬೇಕು. ಇದು ತಪ್ಪು, ಅಲ್ಲೇ ಬರೆದೂ ಕೊಟ್ಟು ಬಂದೆ. ಕಾಯುವುದು ಎರಡು ಗಂಟೆ. ಪರೀಕ್ಷೆಗೆಲ್ಲ ಸೇರಿ 700 ರೂಪಾಯಿ ಆಯಿತು, ಅದು ಹೆಚ್ಚೇನಲ್ಲ.

ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್) ಚಪ್ಪಲಿ ಅಲ್ಲೇ ಕೊಂಡೆ, 850 ರೂಪಾಯಿ. ಒಳಗಿನ ಅಟ್ಟೆ ಮೆತ್ತಗಿನ ರಬ್ಬರು, ಕಾಲಿನ ಭಾರ ಒಂದೇ ಕಡೆ ಕೂರುವುದಿಲ್ಲ. ಹಿಮ್ಮಡಿಗೆ ಪಟ್ಟಿ ಇದೆ, ಜಾರುವುದಿಲ್ಲ. ನೋಡಲು ಅಂದವಿಲ್ಲ, ನೆನೆದರೆ ಒಣಗಲು ಒಂದು ದಿನ ಬೇಕು. ಅದಕ್ಕೇ ಎರಡು ಜೊತೆ ಇಟ್ಟಿದ್ದೇನೆ. ಒಂದು ಅಡುಗೆ ಕೋಣೆಗೆ ಮಾತ್ರ. ಒಂದು ಮನೆಯಲ್ಲಿ ಅಜ್ಜಿಯೊಬ್ಬರು "ಮಡಿ ಅಡುಗೆಗೆ ಚಪ್ಪಲಿಯಾ?" ಅಂದರು. ಪಟ್ಟಿ ಬಿಚ್ಚಿ ಅಂಗಾಲು ತೋರಿಸಿದೆ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ "ನನ್ನ ಕಾಲೂ ಜೋಮು ಹಿಡಿಯತ್ತಪ್ಪ" ಅಂದರು. ಸಾಮಾನಿನ ಚೀಟಿಯ ಹಿಂದೆ ಕ್ಲಿನಿಕ್ಕಿನ ವಿಳಾಸ ಬರೆದುಕೊಟ್ಟೆ.

ಎಲ್ಲ ಕಾಲುನೋವಿಗೂ ಅಲ್ಲಿಗೆ ಓಡಬೇಕಿಲ್ಲ. ನಮ್ಮ ಮನೆಯವಳಿಗೆ ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿ ಚುಚ್ಚುತ್ತಿತ್ತು. ಅವಳಿಗೆ ಸಕ್ಕರೆ ಇಲ್ಲ. ಕಾಲು ಎಳೆಯುವ ವ್ಯಾಯಾಮ, ಮೆತ್ತಗಿನ ಚಪ್ಪಲಿ, ಅಷ್ಟರಲ್ಲೇ ನಿಧಾನವಾಗಿ ಕಡಿಮೆಯಾಯಿತು. ಸಕ್ಕರೆ ಇರುವವರ ಲೆಕ್ಕ ಬೇರೆ. ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಪಾದ ತೋರಿಸಬೇಕು. ಗಾಯ ಎಷ್ಟು ಚಿಕ್ಕದಾದರೂ ಕಾಯಬಾರದು. ಬೆರಳು ಕಪ್ಪಾದರೆ, ಕೀವು ಅಥವಾ ಜ್ವರ ಬಂದರೆ ಅವತ್ತೇ ಹೊರಡಿ. ಒಂದೇ ಪಾದ ಕೆಂಪಾಗಿ, ಬಿಸಿಯಾಗಿ, ಊದಿಕೊಂಡರೆ, ನೋವಿಲ್ಲದಿದ್ದರೂ ಅವತ್ತೇ. ಒಳಗೆ ಮೂಳೆ ಕುಸಿಯುತ್ತಿರಬಹುದು ಅಂದರು ಡಾಕ್ಟರಮ್ಮ.

ಹೋಗುವಾಗ ಹೊಸ ಚಪ್ಪಲಿ ಹಾಕಿಕೊಳ್ಳಬೇಡಿ. ದಿನಾ ಹಾಕುವುದನ್ನೇ ಹಾಕಿಕೊಂಡು ಹೋಗಿ. ಯಾವ ಕಡೆ ಸವೆದಿದೆ ಅಂತ ಅದನ್ನೂ ತಿರುಗಿಸಿ ನೋಡುತ್ತಾರೆ.