ಲೇಸರ್ ಕಿಟ್ಟಾ, ಕಡ್ಡಿ ಕಿಟ್ಟಾ? ಒಂದು ಮಳೆಗಾಲ ಕಟ್ಟಿ ನೋಡಿದ್ದು

ಜುಲೈ ಎರಡನೇ ವಾರ ನನ್ನ ಗೂಡ್ಸ್ ಶೆಡ್ಡಿನ ಉದ್ದದ ಗೋಡೆ ಹಪ್ಪಳ ಆಯಿತು. ಒಣಹಾಕಿದ ಹಪ್ಪಳ ಹೇಗೆ ಎರಡೂ ಕಡೆ ಕಿವಿ ಎತ್ತುತ್ತದೋ, ಥೇಟ್ ಹಾಗೆ. ಆದರೆ ಇಲ್ಲಿ ಬಿಸಿಲೇ ಇರಲಿಲ್ಲ. ಸಕಲೇಶಪುರದಲ್ಲಿ ಹನ್ನೊಂದು ದಿನದಿಂದ ಸೂರ್ಯನ ಮುಖ ಕಂಡಿರಲಿಲ್ಲ. ಒಗೆದ ಬಟ್ಟೆ ಒಲೆ ಮೇಲಿನ ತಂತಿಯಲ್ಲಿ ನೇತಾಡುತ್ತಿತ್ತು. ನಾನು ಗೋಡೆಗೆ ನೀರು ಬೆರೆಸಿದ ಬಣ್ಣ ಬಳಿದು, ಬೆಳಗ್ಗೆ ನೋಡಿದರಾಯಿತು ಅಂತ ಮಲಗಿದ್ದೆ.

ಗೋಡೆ ಅಂದೆ, ಗಾಬರಿ ಬೇಡ. ಅದರ ಉದ್ದ 12 ಸೆಂಟಿಮೀಟರ್. ಮಾಡೆಲ್ ರೈಲಿನ ಹಳಿ ಪಕ್ಕ ಇಡುವ ಮರದ ಕಟ್ಟಡ ಇದು. ನನ್ನದು ಎಚ್‌ಓ ಸ್ಕೇಲ್, ಅಂದರೆ ನಿಜದ 87ರಲ್ಲಿ ಒಂದು ಪಾಲು. ಒಂದು ಅಡಿಗೆ 3.5 ಮಿಲಿಮೀಟರ್ ಅಂತ ನೆನಪಿಟ್ಟರೆ ಸಾಕು. ಆರಡಿ ಆಳು 21 ಮಿ.ಮೀ. ಆಗುತ್ತಾನೆ, ಏಳಡಿ ಬಾಗಿಲು 24.5 ಮಿ.ಮೀ. ಆಗುತ್ತದೆ. ಪಕ್ಕದಲ್ಲಿ ಒಂದು ಕಾಫಿ ಬೀಜ ನಿಲ್ಲಿಸಿದರೆ ಹೆಚ್ಚುಕಮ್ಮಿ ಅವನ ಸೊಂಟಕ್ಕೆ ಬರುತ್ತದೆ.

ಈ ಮಳೆಗಾಲ ಒಂದೇ ಅಳತೆಯ ಗೂಡ್ಸ್ ಶೆಡ್ಡನ್ನು ಮೂರು ದಾರಿಯಲ್ಲಿ ಕಟ್ಟಿದೆ. ಒಂದು ಲೇಸರ್‌ನಲ್ಲಿ ಕತ್ತರಿಸಿ ಬಂದ ಕಿಟ್, ಅಂದರೆ ಜೋಡಿಸುವ ಬಿಡಿಭಾಗಗಳ ಡಬ್ಬ. ಇನ್ನೊಂದು ಕಡ್ಡಿ ಕಿಟ್, ಬರೀ ಮರದ ಕಡ್ಡಿ ಕೊಡುತ್ತಾರೆ, ಕತ್ತರಿಸಿ ಕಟ್ಟುವುದು ನಾವೇ, ಅಮೆರಿಕದವರು ಕ್ರಾಫ್ಟ್ಸ್‌ಮನ್ ಕಿಟ್ ಅನ್ನುವಂಥದ್ದು. ಮೂರನೆಯದು ಕಿಟ್ಟೇ ಇಲ್ಲದೆ ಊರಲ್ಲಿ ಸಿಕ್ಕಿದ ಮರದಲ್ಲಿ ನಾನೇ ಕಟ್ಟಿದ್ದು. ಕಟ್ಟುತ್ತಿರುವುದು ಅನ್ನಬೇಕು, ಮುಗಿದಿಲ್ಲ.

ಲೇಸರ್ ಕಿಟ್ ಡಬ್ಬ ತೆಗೆದ ಕೂಡಲೇ ಮೂಗಿಗೆ ಬಡಿಯುವುದು ಸುಟ್ಟ ಮರದ ವಾಸನೆ. ಒಳಗೆ ಬಾಸ್‌ವುಡ್ ಅನ್ನುವ ಮೆದು ಮರದ ತೆಳು ಹಾಳೆಗಳು. ಕಿಟಕಿ, ಬಾಗಿಲು, ಸೂರಿನ ಪಟ್ಟಿ ಎಲ್ಲ ಆಗಲೇ ಕತ್ತರಿಸಿದೆ, ಆದರೆ ಅಲ್ಲಲ್ಲಿ ಕೂದಲೆಳೆಯಷ್ಟು ಮರ ಬಿಟ್ಟಿದ್ದಾರೆ, ಹಾಳೆಯಿಂದ ಬೀಳದ ಹಾಗೆ. ಬ್ಲೇಡಿನ ತುದಿ ತಾಗಿಸಿದರೆ ಬಿಟ್ಟುಕೊಳ್ಳುತ್ತದೆ. ಒಂದು ಗೋಡೆಯ ಹಲ್ಲು ಇನ್ನೊಂದು ಗೋಡೆಯ ಕಿಂಡಿಗೆ ಹೋಗಿ ಕೂರುತ್ತದೆ. ಮೂಲೆಮಟ್ಟ ಹಿಡಿಯುವ ಕೆಲಸವೇ ಇಲ್ಲ. ಕಿಟಕಿ ಚೌಕಟ್ಟಿನ ಹಿಂದೆ ಅಂಟು ಕಾಗದ ಇದೆ, ಸ್ಟಿಕರ್ ಥರ ಕಿತ್ತು ಅಂಟಿಸಬಹುದು. ಮೊದಲ ದಿನ ಸಂಜೆ ಕೂತವನು ಊಟದ ಹೊತ್ತಿಗೆ ನಾಲ್ಕೂ ಗೋಡೆ ಸುಮ್ನೆ ಜೋಡಿಸಿ ನೋಡಿದೆ. ಸಂದಿಯಲ್ಲಿ ಬೆಳಕು ತೂರಲಿಲ್ಲ. ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ.

ತೊಂದರೆ ಶುರುವಾಗಿದ್ದು ಗೋಡೆ ಬಿಡಿಸಿ ಬಣ್ಣ ಹಚ್ಚಿದಾಗ. ಮರ ನೀರು ಕುಡಿದರೆ ಎಳೆಯ ಉದ್ದಕ್ಕೆ ಬೆಳೆಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಅಡ್ಡಕ್ಕೆ ಜಾಸ್ತಿ. ಈ ಶೆಡ್ಡಿನದು ನಿಂತ ಹಲಗೆಯ ಗೋಡೆ, ಎಳೆ ಮೇಲಿಂದ ಕೆಳಕ್ಕೆ ಹೋಗುತ್ತದೆ. ಹಾಗಾಗಿ ಒಂದೇ ಮಗ್ಗುಲಿಗೆ ನೀರು ಬಿದ್ದರೆ ಆ ಮಗ್ಗುಲು ಉದ್ದಕ್ಕೆ ಹಿಗ್ಗುತ್ತದೆ, ಇನ್ನೊಂದು ಮಗ್ಗುಲು ಇದ್ದಲ್ಲೇ ಇರುತ್ತದೆ, ಗೋಡೆ ಬಾಗುತ್ತದೆ. ಇದನ್ನು ಯಾವ ಆಚಾರಿಯನ್ನು ಕೇಳಿದ್ದರೂ ಹೇಳುತ್ತಿದ್ದ. ನಾನು ಕೇಳಲಿಲ್ಲ.

ಹಿಂದಿನ ಮಗ್ಗುಲಿಗೂ ಅಷ್ಟೇ ಒದ್ದೆ ಬಟ್ಟೆ ಸವರಿ, ಎರಡು ಗಾಜಿನ ನಡುವೆ ಇಟ್ಟು, ಮೇಲೆ ಅಡುಗೆಮನೆಯ ಗುಂಡುಕಲ್ಲು ಹೇರಿದೆ. ಎರಡು ದಿನ ದೋಸೆ ಹಿಟ್ಟು ಮಿಕ್ಸಿಯಲ್ಲೇ ಆಯಿತು, ಆ ಬಗ್ಗೆ ಮನೆಯಲ್ಲಿ ಮಾತೂ ಬಂತು. ಗೋಡೆ ಮುಕ್ಕಾಲು ಪಾಲು ನೇರವಾಯಿತು. ಆದರೆ ಲೇಸರ್ ಕಿಟ್ಟಿಗೆ ಮುಕ್ಕಾಲು ಸಾಲದು. ಒಂದು ಗೋಡೆ ಅರ್ಧ ಮಿಲಿಮೀಟರ್ ಆಚೀಚೆ ಆದರೆ ಹಲ್ಲು ಕಿಂಡಿಗೆ ಹೋಗುವುದಿಲ್ಲ. ಒತ್ತಿ ಕೂರಿಸಿದರೆ ಎದುರಿನ ಮೂಲೆ ಬಾಯಿ ಬಿಡುತ್ತದೆ. ಕೊನೆಗೆ ನಾಲ್ಕು ಹಲ್ಲು ಅರದಿಂದ ಉಜ್ಜಿ, ಒಳಗಡೆ ಅಡ್ಡಪಟ್ಟಿ ಅಂಟಿಸಿ ಸರಿಮಾಡಿದೆ. ನಾಲ್ಕು ಸಂಜೆಯ ಕೆಲಸಕ್ಕೆ ಹದಿಮೂರು ದಿನ ಹೋಯಿತು.

ಅಂಟು ಕಾಗದದ ಕಿಟಕಿಗಳೂ ಆಗಸ್ಟಿಗೆ ಒಂದೊಂದಾಗಿ ಮೂಲೆ ಎತ್ತಿದವು. ಗುಂಡುಸೂಜಿ ತುದಿಯಲ್ಲಿ ಬಿಳಿ ಗೋಂದು ತಾಗಿಸಿ ಕೂರಿಸಿದೆ. ಸೂಪರ್ ಗ್ಲೂ ಬೇಡ. ಅದರ ಆವಿಗೆ ಕಿಟಕಿಯ ಪ್ಲಾಸ್ಟಿಕ್ ಗಾಜು ಬೆಳ್ಳಗೆ ಮಂಜು ಹಿಡಿಯುತ್ತದೆ. ಶಿರಾಡಿ ಘಾಟಿಯ ಎಫೆಕ್ಟ್ ಬೇಕಿದ್ದವರು ಹಚ್ಚಬಹುದು.

ಇನ್ನೊಂದು ದೂರು ಇದೆ, ಇದು ಮಳೆಯ ತಪ್ಪಲ್ಲ. ಲೇಸರ್ ಗೆರೆ ಎಳೆದ ಹಲಗೆಗಳೆಲ್ಲ ಒಂದೇ ಅಚ್ಚು. ಎಲ್ಲ ಸಂದಿಯೂ ಒಂದೇ ಆಳ, ಅಂಚೆಲ್ಲ ಒಂದೇ ಕಂದು. ಅಂಚಿನ ಮಸಿ ಮರಳು ಕಾಗದದಲ್ಲಿ ಹೋಗುತ್ತದೆ. ಆ ಇಸ್ತ್ರಿ ಮಾಡಿದ ನೋಟ ಮಾತ್ರ ಹೋಗುವುದಿಲ್ಲ.

ಕಡ್ಡಿ ಕಿಟ್ ನನಗೆ ಕೊಟ್ಟಿದ್ದು ಚಿಕ್ಕಮಗಳೂರಿನ ಗೆಳೆಯ. ಅವನ ಅಟ್ಟದ ಮೇಲೆ ವರ್ಷಗಟ್ಟಲೆ ಇತ್ತು. ಚಿಕ್ಕಮಗಳೂರಿಗೆ ಕಡೂರಿನಿಂದ ರೈಲು ಬಂದಿದ್ದು 2013ರಲ್ಲಿ. ಊರಿಗೆ ಬರುವ ಮೊದಲೇ ಅವನ ಅಟ್ಟಕ್ಕೆ ರೈಲು ಬಂದಿತ್ತು, ಅದೇ ಅವನ ಹೆಮ್ಮೆ. ಡಬ್ಬ ತೆರೆದರೆ ಕಟ್ಟಡದ ಸುಳಿವೇ ಇಲ್ಲ. ರಬ್ಬರ್ ಬ್ಯಾಂಡ್ ಹಾಕಿದ ಕಡ್ಡಿ ಕಂತೆ, ಒಂದು ನಕ್ಷೆ, ಮಾಡಿಗೆ ಹೊದಿಸುವ ಕಾಗದದ ಪಟ್ಟಿ, ಬಿಳಿ ಲೋಹದಲ್ಲಿ ಎರಕ ಹೊಯ್ದ ಪೀಪಾಯಿ, ತಳ್ಳುಗಾಡಿ, ಬಾಗಿಲ ಕೀಲು. ಈ ಬಗೆಯ ಕಿಟ್ಟಿಗೆ ಅಮೆರಿಕದಲ್ಲಿ ಹೆಸರು ತಂದವರಲ್ಲಿ ಜಾರ್ಜ್ ಸೆಲಿಯೋಸ್ ದೊಡ್ಡವರು. 1967ರಲ್ಲಿ ಫೈನ್ ಸ್ಕೇಲ್ ಮಿನಿಯೇಚರ್ಸ್ ಶುರುಮಾಡಿದವರು ಅವರು. ಅವರ ಕಿಟ್ ಕೈಗೆಟುಕುವಂಥದ್ದಲ್ಲ. ನನ್ನದು ಬೇರೆ ಕಂಪನಿಯದು, ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಇಲ್ಲಿ ಕತ್ತರಿಸುವ ಮೊದಲೇ ಬಣ್ಣ. ಇಂಡಿಯನ್ ಇಂಕ್ ಅರ್ಧ ಚಮಚ, ಮೆಡಿಕಲ್ ಶಾಪಿನ ಐಸೊಪ್ರೊಪೈಲ್ ಆಲ್ಕೋಹಾಲ್ 100 ಮಿ.ಲೀ., ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ಕಲಕಿ ಇಟ್ಟೆ. ಕಡ್ಡಿಯನ್ನು ಮೊದಲು ತಂತಿ ಬ್ರಷ್ಷಿನಲ್ಲಿ ಎಳೆಯ ಜಾಡಿಗೆ ಎರಡು ಸಲ ಎಳೆಯಬೇಕು, ಆಮೇಲೆ ಅದ್ದಬೇಕು. ಗೀರಿದ ಜಾಗದಲ್ಲಿ ಮಸಿ ಜಾಸ್ತಿ ಕೂರುತ್ತದೆ. ಕಾಲು ಗಂಟೆಯಲ್ಲಿ ಕಡ್ಡಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಹತ್ತು ಮಳೆಗಾಲ ಕಂಡ ತೋಟದ ಗೇಟಿನ ಬಣ್ಣ. ಆಲ್ಕೋಹಾಲ್ ಬೇಗ ಆರುವುದರಿಂದ ಮರ ಹೆಚ್ಚು ನೀರು ಕುಡಿಯುವುದಿಲ್ಲ. ಈ ದ್ರಾವಣ ಮೊದಲೇ ಗೊತ್ತಿದ್ದಿದ್ದರೆ ಗುಂಡುಕಲ್ಲಿನ ರಾಮಾಯಣ ಇರುತ್ತಿರಲಿಲ್ಲ.

ಆಮೇಲೆ ಚೌಕಟ್ಟು. ನಕ್ಷೆಯ ಮೇಲೆ ಬಟರ್ ಪೇಪರ್ ಹಾಸಿ, ಅದರ ಮೇಲೆ ಒಂದೊಂದೇ ಕಂಬ ಇಟ್ಟು ಅಂಟಿಸಬೇಕು. ಎರಡು ಅಡಿಗೊಂದು ಕಂಬ, ಅಂದರೆ ನಮ್ಮ ಲೆಕ್ಕದಲ್ಲಿ 7 ಮಿ.ಮೀ.ಗೆ ಒಂದು. ಎಲ್ಲ ಒಂದೇ ಉದ್ದಕ್ಕೆ ಬರಬೇಕು ಅಂತ ಹಲಗೆ ಮೇಲೆ ಎರಡು ಮರದ ತುಂಡು ಹೊಡೆದು, ಶೇವಿಂಗ್ ಬ್ಲೇಡಿಗೆ ಒಂದು ಗಾಡಿ ಮಾಡಿಕೊಂಡೆ. ಕಡ್ಡಿ ತಳ್ಳು, ಬ್ಲೇಡ್ ಒತ್ತು. ಒಂದು ಸಂಜೆಯಲ್ಲಿ ನೂರ ನಲವತ್ತು ತುಂಡು ಕತ್ತರಿಸಿದೆ. ಹೊರಗೆ ಮಳೆ, ಒಳಗೆ ಟಕ್ ಟಕ್. ಟಿವಿ ಸೀರಿಯಲ್‌ನಲ್ಲಿ ಯಾರಿಗೆ ಏನಾಯಿತು ಗೊತ್ತಾಗಲಿಲ್ಲ.

ಚೌಕಟ್ಟಿನ ಮೇಲೆ ಹಲಗೆ ಒಂದೊಂದೇ ಅಂಟಿಸುತ್ತಾ ಹೋದಾಗ ಒಂದು ವಿಷಯ ಹೊಳೆಯಿತು. ಏಳನೇ ಹಲಗೆ ಸ್ವಲ್ಪ ವಾಲಿತ್ತು. ಕಿತ್ತು ಇನ್ನೊಂದು ಹಾಕಿದೆ. ಹನ್ನೆರಡನೆಯದು ಗಿಡ್ಡ ಆಯಿತು. ಹಾಗೇ ಬಿಟ್ಟೆ, ಹಳೇ ಶೆಡ್ಡಲ್ವಾ, ಬುಡ ಕೊಳೆತು ಹೋಗಿರುತ್ತದೆ. ಇಲ್ಲಿ ತಪ್ಪು ಆಗುವುದು ಲೇಸರ್ ಕಿಟ್ಟಿನ ಹತ್ತು ಪಟ್ಟು. ಆದರೆ ಒಂದು ತಪ್ಪಿನ ಬೆಲೆ ಒಂದು ಕಡ್ಡಿ. ಲೇಸರ್ ಕಿಟ್ಟಿನಲ್ಲಿ ತಪ್ಪು ಆಗುವುದೇ ಕಮ್ಮಿ, ಆದರೆ ಆಗಿದ್ದು ಇಡೀ ಕಟ್ಟಡಕ್ಕೆ ಹಬ್ಬುತ್ತದೆ. ನಮ್ಮ ಹವಾಮಾನಕ್ಕೆ ಯಾವುದು ಒಗ್ಗುತ್ತದೆ ಅಂತ ನನಗೆ ಗೊತ್ತಾಗಿದ್ದು ಆ ಏಳನೇ ಹಲಗೆಯಲ್ಲಿ. ಇಡೀ ಜುಲೈ, ಆಗಸ್ಟ್ ಆ ಚೌಕಟ್ಟು ಒಂದು ಕೂದಲೂ ಬಾಗಲಿಲ್ಲ. ತುಂಡು ತುಂಡಾಗಿರುವ ಹಲಗೆ ತನ್ನಷ್ಟಕ್ಕೆ ತಾನು ಹಿಗ್ಗುತ್ತದೆ, ಪಕ್ಕದವನನ್ನು ಎಳೆಯುವುದಿಲ್ಲ.

ಮೊಳೆ ಗುರುತಿಗೆ ಟೈಲರ್‌ಗಳು ಬಟ್ಟೆ ಮೇಲೆ ಉರುಳಿಸುವ ಮುಳ್ಳು ಚಕ್ರ ಸಾಕು, ಸ್ಕೇಲ್ ಒತ್ತಿ ಹಿಡಿದು ಉರುಳಿಸುವುದು. ಲೋಹದ ಪೀಪಾಯಿಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಅಂಚಿನ ಕಸ ಅರದಲ್ಲಿ ತೆಗೆದು ಪ್ರೈಮರ್ ಹೊಡೆದೆ, ಆಯಿತು.

ಇಪ್ಪತ್ತಮೂರು ಸಂಜೆ ಹಿಡಿಯಿತು. ಇಪ್ಪತ್ತನೆಯ ಸಂಜೆ ಕಡ್ಡಿ ಮುಗಿಯಿತು. ಕಟ್ಟೆಗೆ ಹಾಸುವ ಹಲಗೆ ಕಂತೆಯಲ್ಲಿ ಎರಡು ಕಡ್ಡಿ ಕಡಿಮೆ ಇದ್ದವು. ನನ್ನ ತಪ್ಪಲ್ಲ, ಪಟ್ಟಿಯಲ್ಲಿ ಹದಿನಾಲ್ಕು ಅಂತ ಇತ್ತು, ಕಂತೆಯಲ್ಲಿ ಹನ್ನೆರಡು. ಕಂಪನಿಗೆ ಬರೆದೆ. ಉತ್ತರ ಬರಲಿಲ್ಲ.

ಹಾಗಾಗಿ ಊರ ಮರ ಹುಡುಕಿದೆ, ಅಲ್ಲಿಂದ ಮೂರನೇ ಶೆಡ್ ಹುಟ್ಟಿತು.

ಮೊದಲು ಸಿಕ್ಕಿದ್ದು ಸಿಲ್ವರ್ ಓಕ್. ಕಾಫಿ ತೋಟದಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ನೆಟ್ಟ ಮರ, ನಮ್ಮಲ್ಲಿ ಅದಕ್ಕೇನು ಬರ. ಸೀಳಿ ಪಟ್ಟಿ ಮಾಡಿದೆ. ನೋಡಲು ಚಂದ, ಆದರೆ ಅದರ ಮೈಮೇಲೆ ಮಿನುಗುವ ಚುಕ್ಕೆ ಇವೆಯಲ್ಲ, ಪೀಠೋಪಕರಣಕ್ಕೆ ಅವೇ ಶೋಭೆ. 87 ಪಟ್ಟು ಸಣ್ಣ ಶೆಡ್ಡಿನಲ್ಲಿ ಒಂದೊಂದು ಚುಕ್ಕೆಯೂ ಒಂದಡಿ ಉದ್ದ ಕಾಣುತ್ತದೆ, ಹಲಗೆಗೆ ಚರ್ಮರೋಗ ಬಂದ ಹಾಗೆ. ಕಿಟ್‌ನವರು ಬಾಸ್‌ವುಡ್ಡನ್ನೇ ಯಾಕೆ ಹಿಡಿದಿದ್ದಾರೆ ಅಂತ ಆಗ ಅರ್ಥವಾಯಿತು. ಅದರ ಎಳೆ ಕಣ್ಣಿಗೆ ಕಾಣುವುದೇ ಇಲ್ಲ. ಆಮೇಲೆ ಚನ್ನಪಟ್ಟಣದ ಬೊಂಬೆಗೆ ಬಳಸುವ ಆಲೆ ಮರದ ಚೂರು ತರಿಸಿದೆ. ಬಿಳಿ ಮೈ, ನುಣುಪು ಎಳೆ, ಬ್ಲೇಡಿಗೆ ಚೂರೂ ಸಿಡಿಯುವುದಿಲ್ಲ. ಬಾಸ್‌ವುಡ್‌ಗೆ ಸರಿಸಾಟಿ ಅಂತ ನನ್ನ ಮತ. ಪಟ್ಟಿ ಸೀಳುವ ಕಷ್ಟ ನಮ್ಮದು, ಅಷ್ಟೇ.

ಮೂರನೇ ಶೆಡ್ ಅಮೆರಿಕದ್ದಲ್ಲ. ನನ್ನ ಹಳಿ 12 ಮಿ.ಮೀ. ಅಗಲದ್ದು, ಮೀಟರ್ ಗೇಜ್, ಅಂದರೆ ನಿಜದಲ್ಲಿ ಒಂದು ಮೀಟರ್ ಅಗಲದ ಹಳಿ, ಅಂತ ಇಟ್ಟುಕೊಂಡಿದ್ದೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 57 ಸುರಂಗ ದಾಟಿ ಇಳಿಯುವ ದಾರಿ 1996ರವರೆಗೆ ಮೀಟರ್ ಗೇಜೇ ಆಗಿತ್ತು. ಆ ಹಳಿ ಪಕ್ಕ ಅಮೆರಿಕದ ಹಲಗೆ ಶೆಡ್ ಇಟ್ಟರೆ ಕಡುಬಿನ ಪಕ್ಕ ಪೀಜಾ ಇಟ್ಟಂತೆ. ನಮ್ಮ ಕಡೆಯದಾದರೆ ಇಟ್ಟಿಗೆ ಗೋಡೆ, ಮರದ ಜಂತಿ, ಮಂಗಳೂರು ಹೆಂಚು.

ಗೋಡೆಗೆ ಹಾಸನದಲ್ಲಿ ಮದುವೆ ಬೋರ್ಡು ಕತ್ತರಿಸುವ ಲೇಸರ್ ಅಂಗಡಿಗೆ ಹೋದೆ. 2.5 ಮಿ.ಮೀ. ಎಂಡಿಎಫ್, ಮರದ ನಾರು ಒತ್ತಿ ಮಾಡಿದ ಹಲಗೆ. ಇದು ತಮಾಷೆಯಾಗಿ ಹೊಂದಿತು. 2.5ನ್ನು 87ರಿಂದ ಗುಣಿಸಿದರೆ 217 ಮಿ.ಮೀ., ನಮ್ಮ ಒಂಬತ್ತು ಇಂಚಿನ ಗೋಡೆಗೆ ಹತ್ತಿರ ಹತ್ತಿರ. ಮೊದಲ ಸಲ ಗೋಡೆಯೆಲ್ಲ ಸಣ್ಣದಾಗಿ ಬಂತು. ನಾನು ನಕ್ಷೆ ಪಿಡಿಎಫ್ ಮಾಡುವಾಗ ಪುಟಕ್ಕೆ ಹೊಂದಿಸು ಅನ್ನುವ ಗುರುತು ತೆಗೆದಿರಲಿಲ್ಲ. ಅಂಗಡಿ ಹುಡುಗ ಅಳತೆ ಕೇಳಿದ್ದ, ನಾನೇ ಸರಿಯಿದೆ ಅಂದಿದ್ದೆ. ಎಂಡಿಎಫ್ ಬಾಗುವುದು ಕಮ್ಮಿ, ಆದರೆ ಕತ್ತರಿಸಿದ ಅಂಚು ತೇವಕ್ಕೆ ಊದುತ್ತದೆ, ಊದಿದ್ದು ಇಳಿಯುವುದಿಲ್ಲ. ತಂದ ದಿನವೇ ಅಂಚಿಗೆಲ್ಲ ಅರಗಿನ ಪಾಲಿಶ್ ಎರಡು ಕೈ ಹೊಡೆಯಬೇಕು.

ಹೆಂಚು ಮಾತ್ರ ಯಾವ ಡಬ್ಬದಲ್ಲೂ ಬರುವುದಿಲ್ಲ. ಸುಮಾರು 16 ಇಂಚಿನ ಹೆಂಚು ಎಚ್‌ಓನಲ್ಲಿ 5 ಮಿ.ಮೀ.ಯೂ ಇಲ್ಲ. ಲೆಕ್ಕ ಹಾಕಿದರೆ ಎರಡೂ ಮಾಡಿಗೆ ಸೇರಿ 1,300ರ ಹತ್ತಿರ ಬಂತು. ಒಂದೊಂದು ಕತ್ತರಿಸುವ ತಾಳ್ಮೆ ನನಗಿಲ್ಲ. ದಪ್ಪ ಕಾಗದದ ಪಟ್ಟಿಯಲ್ಲಿ ಸಾಲು ಸಾಲಾಗಿ ಗೀರಿ, ಕೆಳ ಅಂಚಿಗೆ ಕಚ್ಚು ಹಾಕಿ, ಸೂರಿನಿಂದ ಮೇಲಕ್ಕೆ ಹೊದಿಸಿದೆ. ಬಣ್ಣಕ್ಕೆ ನಮ್ಮ ಬಚ್ಚಲಮನೆ ಮಾಡು ನೋಡಿದೆ. ಮಳೆ ಹೊಡೆತದ ಕಡೆ ಹೆಂಚು ಕೆಂಪೇ ಅಲ್ಲ, ಕಪ್ಪು, ಅದರ ಮೇಲೆ ಪಾಚಿಯ ಹಸಿರು. ಕೆಂಪು ಉಳಿದಿರುವುದು ಹೊಗೆ ಹೋಗುವ ಗೂಡಿನ ಸುತ್ತ ಬದಲಾಯಿಸಿದ ನಾಲ್ಕು ಹೊಸ ಹೆಂಚಿನಲ್ಲಿ ಮಾತ್ರ. ನನ್ನ ಶೆಡ್ಡಿನಲ್ಲೂ ನಾಲ್ಕೇ ಕೆಂಪು.

ದುಡ್ಡಿನ ಮಾತು. ಲೇಸರ್ ಕಿಟ್ ಅಂಚೆ, ಸುಂಕ ಸೇರಿ ಬೆಲೆಯ ಎರಡರಷ್ಟಾಯಿತು. ಕಡ್ಡಿ ಕಿಟ್ ನನಗೆ ಪುಕ್ಕಟೆ, ಗೆಳೆಯನಿಗೆ ಎರಡು ಕೆಜಿ ಕಾಫಿಪುಡಿ. ಮೂರನೆಯದಕ್ಕೆ ಹಾಳಾದ ಗೋಡೆಯೂ ಸೇರಿ ಆರುನೂರು ದಾಟಿಲ್ಲ.

ಯಾವುದು ತಗೊಳ್ಳಲಿ ಅಂತ ಕೇಳಿದರೆ, ರೈಲು ಓಡಿಸುವ ಆಸೆ ಇದ್ದವರು ಲೇಸರ್ ಕಿಟ್ ತಗೊಳ್ಳಿ, ಆದರೆ ಜನವರಿಯಲ್ಲಿ ಕಟ್ಟಿ. ಜೂನ್‌ನಿಂದ ಸೆಪ್ಟೆಂಬರ್ ಮನೆಯಲ್ಲೇ ಕೂರುವ ನನ್ನಂಥವರಿಗೆ ಕಡ್ಡಿ ಕಿಟ್. ಮೊದಲ ಸಲವೇ ಮೂರನೇ ದಾರಿ ಹಿಡಿಯಬೇಡಿ. ಕಡ್ಡಿ ಕಿಟ್ ಕಟ್ಟದೇ ಹೋಗಿದ್ದರೆ ಜಂತಿ ಎಲ್ಲಿ ಕೂರಬೇಕು ಅನ್ನುವುದೇ ನನಗೆ ಗೊತ್ತಾಗುತ್ತಿರಲಿಲ್ಲ.

ಈಗ ಬಿಸಿಲು ಬಂದಿದೆ. ಗುಂಡುಕಲ್ಲು ಅಡುಗೆಮನೆಗೆ ವಾಪಸ್ ಹೋಗಿದೆ. ಹಿಂದಿನ ಮಾಡಿಗೆ ಇನ್ನು ಏಳು ಸಾಲು ಹೆಂಚು ಬಾಕಿ.