ಕೊಡಗಿನ ಮಳೆಗಾಲದಲ್ಲಿ ಕ್ಲಚ್ ಪೆನ್ಸಿಲ್: ಏಳು ವರ್ಷಗಳ ಬಳಕೆಯ ನಂತರ

ಮಡಿಕೇರಿಯಲ್ಲಿ ಒಳಾಂಗಣ ವಿನ್ಯಾಸದ ಜೊತೆಗೆ ಹಳೆಯ ಐನ್‌ಮನೆಗಳ (ಕೊಡವ ಕುಟುಂಬಗಳ ಪೂರ್ವಿಕರ ಮನೆಗಳ) ದುರಸ್ತಿಯ ನಕ್ಷೆಗಳನ್ನೂ ಮಾಡುವ ನಾನು ಗುಂಡಿ ಒತ್ತಿದರೆ ಹಿಡಿ ಸಡಿಲವಾಗಿ ಕಡ್ಡಿ ಹೊರಬರುವ, 2 ಮಿ.ಮೀ. ಕಡ್ಡಿಯ ಕ್ಲಚ್ ಪೆನ್ಸಿಲ್ಲನ್ನು ಏಳು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಅದಕ್ಕೂ ಮೊದಲು ಪೆನ್ನು ಬಿಟ್ಟು ಬೇರೆ ಮುಟ್ಟಿದವಳಲ್ಲ. ಅಳಿಸಲಾಗದ ಗೆರೆ ಕೈಯನ್ನು ಪಳಗಿಸುತ್ತದೆ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಆ ಮಾತನ್ನು ಇಂದಿಗೂ ಒಪ್ಪುತ್ತೇನೆ.

ನನ್ನ ಆಯ್ಕೆ ಬದಲಾದದ್ದು ಇಲ್ಲಿನ ತೇವದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದ ಪೂರ್ತಿ ಒಣಗುವುದೇ ಇಲ್ಲ. ತೇವ ಹೀರಿ ನಾರು ಉಬ್ಬಿದ ಹಾಳೆಯ ಮೇಲೆ 0.3 ಮಿ.ಮೀ. ತುದಿಯ ಫೈನ್‌ಲೈನರ್ ಪೆನ್ನಿನ ಗೆರೆಯ ಅಂಚು ಹರಡುತ್ತದೆ. ನೀರಿಗೆ ಅಳಿಯದ ಪಿಗ್ಮೆಂಟ್ ಶಾಯಿಯೂ ಒಣಗಿದ ಮೇಲಷ್ಟೇ ಆ ಗುಣ ತೋರಿಸುತ್ತದೆ. ಒಂದು ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್‌ನ ಜೋರು ಮಳೆಯ ಕಾಲ) ಐನ್‌ಮನೆಯೊಂದರ ಕೈಯಾಲೆಯ (ಮುಂದಿನ ಜಗಲಿಯ) ಕಂಬಗಳನ್ನೂ ಅವುಗಳ ನಡುವೆ ಕೂರಲು ಹಾಕಿದ ಮರದ ಹಲಗೆಯಾದ ಐಮರವನ್ನೂ ಪೆನ್ನಿನಲ್ಲಿ ಅಳತೆಸಹಿತ ಬರೆದುಕೊಂಡು ಬಂದೆ. ಅಂಗೈ ತಾಗಿದಲ್ಲೆಲ್ಲ ಅಂಕಿಗಳು ಕದಡಿ ಹೋಗಿದ್ದರಿಂದ ಮತ್ತೊಮ್ಮೆ ಹೋಗಿ ಅಳೆಯಬೇಕಾಯಿತು.

ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ, ಒಣಗಲು ಸಮಯವನ್ನೂ ಬೇಡುವುದಿಲ್ಲ. ಆದರೆ ಕಡ್ಡಿಯ ಆಯ್ಕೆಯಲ್ಲಿ ಎಚ್ಚರ ಬೇಕು. 1795ರಲ್ಲಿ ಫ್ರಾನ್ಸಿನ ಕಾಂಟೆ ಎಂಬ ಸಂಶೋಧಕ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನವನ್ನು ರೂಪಿಸಿದಂದಿನಿಂದ ಕಡ್ಡಿಯ ಗಡಸುತನ ಆ ಮಣ್ಣಿನ ಪ್ರಮಾಣವನ್ನೇ ಅವಲಂಬಿಸಿದೆ. ಮಣ್ಣು ಹೆಚ್ಚಿದ್ದು ಗಡಸಾಗಿರುವ 2ಎಚ್ ಕಡ್ಡಿ ಒದ್ದೆ ಹಾಳೆಯನ್ನು ಗೀರಿ ಗುಳಿ ಮಾಡುತ್ತದೆ, ಆ ಗುಳಿ ರಬ್ಬರಿಗೂ ಹೋಗುವುದಿಲ್ಲ. ಹಾಗಾಗಿ ಬೇಸಿಗೆಯಲ್ಲಿ ಮಧ್ಯಮ ಗಡಸಿನ ಎಚ್‌ಬಿ, ಮಳೆಗಾಲದಲ್ಲಿ ಅದಕ್ಕಿಂತ ಮೆದುವಾದ ಬಿ ಹಾಕುತ್ತೇನೆ. 0.5 ಮಿ.ಮೀ.ನ ಮೆಕ್ಯಾನಿಕಲ್ ಪೆನ್ಸಿಲ್‌ನ ಕಡ್ಡಿಯಂತೆ ಇದು ಒತ್ತಿದರೆ ಪಟಕ್ಕನೆ ಮುರಿಯದು. ವಾಲಿಸಿ ಹಿಡಿದರೆ ಹಂಚಿನ ಮಾಡಿನ ನೆರಳನ್ನೂ ಇದರಲ್ಲೇ ತುಂಬಬಹುದು.

ಕೊರತೆಗಳೂ ಇವೆ. ತುದಿ ಕೆಳಗಿರುವಾಗ ಗುಂಡಿ ಒತ್ತಿದರೆ ಹಿಡಿ ಸಡಿಲವಾಗಿ ಇಡೀ ಕಡ್ಡಿ ಜಾರಿ ಬೀಳುತ್ತದೆ, ಆದ್ದರಿಂದ ಬೆರಳು ಅಡ್ಡ ಕೊಡುವುದು ಅಭ್ಯಾಸವಾಗಬೇಕು. ಹೆರೆದ ಪುಡಿಯನ್ನು ಒರೆಸದೆ ಟ್ರೇಸಿಂಗ್ ಹಾಳೆಗೆ ಹೋದರೆ ಹಾಳೆ ಮಸಿಯಾಗುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ತೆಳುಗೆರೆಗಳು ಕಾಣುವುದಿಲ್ಲ.

ನಾನು ನಿರೀಕ್ಷಿಸದೆ ದೊರೆತ ಲಾಭವೊಂದಿದೆ, ನನಗೆ ಅದೇ ಎಲ್ಲಕ್ಕಿಂತ ಹೆಚ್ಚು. ಶಾಯಿಯ ನಕ್ಷೆಯನ್ನು ಮುಂದಿಟ್ಟಾಗ ಮನೆಯ ಹಿರಿಯರು ಎಲ್ಲವೂ ತೀರ್ಮಾನವಾಗಿದೆಯೆಂದು ತಿಳಿದು ಸುಮ್ಮನೆ ತಲೆಯಾಡಿಸುತ್ತಿದ್ದರು. ಪೆನ್ಸಿಲ್ ನಕ್ಷೆಯ ಮೇಲಾದರೆ ಬೆರಳಿಟ್ಟು, ನೆಲ್ಲಕ್ಕಿ ನಡುಬಾಡೆಯ (ಮನೆಯ ನಡುವಣ ಪವಿತ್ರ ಹಜಾರದ) ದೀಪ ಇಲ್ಲಿಂದ ಕಾಣಬೇಕು, ಈ ಗೋಡೆ ಬೇಡ ಎಂದು ಹೇಳುತ್ತಾರೆ. ಅವರೆದುರಿಗೇ ಆ ಗೋಡೆಯನ್ನು ಅಳಿಸಿ ತೋರಿಸಲು ಸಾಧ್ಯವಾಗುತ್ತದೆ.

ಬಡಗಿಗಳಿಗೆ ಕೊಡುವ ಪ್ರತಿಯನ್ನು ಮಾತ್ರ ಈಗಲೂ ಪೆನ್ನಿನಲ್ಲೇ ತಿದ್ದಿ ಬರೆಯುತ್ತೇನೆ. ಜೆರಾಕ್ಸ್ ಮಾಡಿದಾಗ ಅಂಕಿಗಳು ಸ್ಪಷ್ಟವಾಗಿರಬೇಕು. ಆ ಕೆಲಸದ ಹಾಳೆಗಳನ್ನು ಹಿಂದಿನ ರಾತ್ರಿಯೇ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಟ್ಟಿರುತ್ತೇನೆ.