ಪಾಠಕ್ಕೆ ಹೋಗಿ, ನೋಟ್ಸ್‌ಗೆ ದುಡ್ಡು ಕೊಡಬೇಡಿ

ನೆಟ್ ಪರೀಕ್ಷೆಗೆ ಓದುತ್ತಿದ್ದೇನೆ. ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆಯ ಮಹಡಿ ಮೇಲೆ ಸಂಜೆ ನಡೆಯುವ ಬಯೋಕೆಮಿಸ್ಟ್ರಿ ಕ್ಲಾಸಿಗೆ ಎರಡು ತಿಂಗಳು ಹೋದೆ. ಹೆಸರು ಹಾಕಲ್ಲ.

ಮೇಡಂ ಪಾಠ ಮಾತ್ರ ಸೂಪರ್. ಯೀಸ್ಟ್ ಮೈಟೊಕಾಂಡ್ರಿಯಾ (ಕೋಶಕ್ಕೆ ಶಕ್ತಿ ತಯಾರಿಸುವ ಭಾಗ) ಪಾಠದ ದಿನ ಕೇರಂ ಕಾಯಿಗಳ ಡಬ್ಬಿ ತಂದಿದ್ದರು. ಉಸಿರಾಟದ ಕಿಣ್ವಗಳು ಅದರ ಒಳಪೊರೆಯಲ್ಲಿ ಬಿಡಿಬಿಡಿಯಾಗಿ ತೇಲುತ್ತವೆ ಅಂತಲೇ ನಾನು ಕಾಲೇಜಿನಲ್ಲಿ ಕಲಿತದ್ದು. ಅವರು ಎರಡು ಕಪ್ಪು ಕಾಯಿ ಗೋಂದಲ್ಲಿ ಅಂಟಿಸಿ, ಇದು ಆ ಕಿಣ್ವಗಳಲ್ಲಿ ಒಂದು, ಹೆಸರು ಕಾಂಪ್ಲೆಕ್ಸ್ ಮೂರು, ಯಾವಾಗಲೂ ಜೋಡಿ ಅಂದರು. ಆ ಕಡೆ ಒಂದು, ಈ ಕಡೆ ಒಂದು ಬಿಳಿ ಕಾಯಿ ಒತ್ತಿದರು, ಅದು ಕಾಂಪ್ಲೆಕ್ಸ್ ನಾಲ್ಕು. ಕೆಲವು ಸಲ ಬಿಳಿ ಒಂದೇ ಇರುತ್ತದಂತೆ. ಕಪ್ಪಿನಿಂದ ಬಿಳಿಗೆ ಎಲೆಕ್ಟ್ರಾನ್ ಹೊತ್ತು ಓಡಾಡುವ ಸೈಟೋಕ್ರೋಮ್ ಸಿ ಅನ್ನುವ ಪುಟ್ಟ ಪ್ರೋಟೀನು ಅಂದರೆ ಕೆಂಪು ಕಾಯಿ. ಗೋಂದು ಯಾವುದು ಗೊತ್ತಾ? ಕಾರ್ಡಿಯೋಲಿಪಿನ್ ಅನ್ನುವ ಕೊಬ್ಬು. ಅದಿಲ್ಲದ ಯೀಸ್ಟ್‌ನಲ್ಲಿ ಈ ಗುಂಪು ಸಡಿಲ.

ಇದು ಇಷ್ಟು ದಿನ ಯಾಕೆ ಕಾಣಲಿಲ್ಲ ಅಂತ ಕೇಳಿದೆ. ಪೊರೆ ಕರಗಿಸಲು ಹಾಕುವ ಡಿಟರ್ಜೆಂಟ್ ಜೋರಾದರೆ ಗುಂಪೇ ಒಡೆದುಹೋಗುತ್ತದೆ. 2000ದಲ್ಲಿ ಷೆಗರ್ ಮತ್ತು ಫೈಫರ್ ಅನ್ನುವ ವಿಜ್ಞಾನಿಗಳು ಡಿಜಿಟೋನಿನ್ ಅನ್ನುವ ಮೆದುವಾದ ಡಿಟರ್ಜೆಂಟ್ ಹಾಕಿ, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ನೀಲಿ ಜೆಲ್‌ನಲ್ಲಿ ಓಡಿಸಿದಾಗ ಅವು ಗುಂಪಾಗಿಯೇ ಕಂಡವು. "ನಿಮ್ಮಮ್ಮ ಮೈಸೂರು ಸಿಲ್ಕ್ ಸೀರೆಗೆ ಬಟ್ಟೆ ಸೋಪು ಹಾಕ್ತಾರಾ? ಅಂಟುವಾಳದ ಕಾಯಿ ತಾನೇ?" ಅಂದರು ಮೇಡಂ. ಸುಮ್ನೆ ಹೋಲಿಕೆ ಅಂದುಕೊಂಡೆ. ಆದರೆ ಡಿಜಿಟೋನಿನ್ನೂ ಗಿಡದಿಂದ ಬರುವ ಸಪೋನಿನ್, ಅಂದರೆ ನೊರೆ ಬರಿಸುವ ವಸ್ತು, ಅಂಟುವಾಳದ ನೊರೆಯೂ ಸಪೋನಿನ್ನೇ! ಇನ್ನು ಈ ಪಾಠ ಮರೆಯೋದು ಹೇಗೆ ಹೇಳಿ. ಗುಂಪಾಗಿದ್ದರೆ ಕೋಶಕ್ಕೆ ಲಾಭವೇನು ಅನ್ನುವುದರಲ್ಲಿ ಮಾತ್ರ ವಿಜ್ಞಾನಿಗಳಿಗೇ ಒಮ್ಮತ ಇಲ್ಲವಂತೆ, ಅದನ್ನೂ ಮುಚ್ಚಿಡದೆ ಹೇಳಿದರು.

ಈಗ ನೋಟ್ಸ್ ಕಥೆ. ಅದಕ್ಕೆ ಬೇರೆ ದುಡ್ಡು ಕಿತ್ತುಕೊಳ್ಳುತ್ತಾರೆ. ಯೀಸ್ಟ್ ಅಂತ ಹೆಸರು ಬರೆದು, ದನದ ಹೃದಯದ್ದಿರಬೇಕು, 'ಕಾಂಪ್ಲೆಕ್ಸ್ ಒಂದು' ಅನ್ನುವ ಇನ್ನೊಂದು ಉಸಿರಾಟದ ಕಿಣ್ವವೂ ಸೇರಿರುವ ಚಿತ್ರ ಹಾಕಿದ್ದಾರೆ. ಬೇಕರಿ ಯೀಸ್ಟ್‌ಗೆ ಈ 'ಕಾಂಪ್ಲೆಕ್ಸ್ ಒಂದು' ಇಲ್ಲವೇ ಇಲ್ಲ, ಅಲ್ವಾ? ಅದರ ಬದಲು ಎನ್‌ಡಿಐ1 ಅನ್ನುವ ಒಂಟಿ ಪ್ರೋಟೀನು ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ, ಆದರೆ 'ಕಾಂಪ್ಲೆಕ್ಸ್ ಒಂದು' ಮಾಡುವ ಹಾಗೆ ಪೊರೆಯಾಚೆಗೆ ಪ್ರೋಟಾನ್ ಪಂಪ್ ಮಾಡುವುದಿಲ್ಲ. ಫೀಸ್ ತೆಗೆದುಕೊಳ್ಳುವವರಿಗೆ ತೋರಿಸಿದರೆ "ಪರೀಕ್ಷೆಗೆ ಇಷ್ಟು ಸಾಕು ಬಿಡಿ" ಅಂದರು. ಪಾಪ ಮೇಡಂ, ನನ್ನ ಪ್ರತಿಯಲ್ಲಿ ತಾವೇ ಪೆನ್ನಿನಿಂದ ಕಾಟು ಹಾಕಿದರು.

ಎಟಿಪಿ ಸಿಂಥೇಸ್ (ಕೋಶದ ಇಂಧನವಾದ ಎಟಿಪಿ ತಯಾರಿಸುವ ಕಿಣ್ವ) ಪಾಠವನ್ನು ಕೊನೆ ದಿನ ಓಡಿಸಿಬಿಟ್ಟರು, ಅದೊಂದು ಬೇಜಾರು.

ಪಾಠಕ್ಕೆ ಐದು ಸ್ಟಾರ್, ನೋಟ್ಸ್‌ಗೆ ಒಂದು. ಹೋದ ವಾರ ಪುಸ್ತಕ ವಾಪಸ್ ಕೊಡಲು ಹೋದಾಗ ಹೊಸ ಬ್ಯಾಚಿನ ಹುಡುಗಿ ಕೈಯಲ್ಲಿ ಅದೇ ಚಿತ್ರ ಇತ್ತು. ನನ್ನ ಪೆನ್ನು ಕೊಟ್ಟು ಬಂದೆ.